ಜೈನ ಪುರಾಣಗಳಲ್ಲಿಯೂ ಶಾಸನಗಳಲ್ಲಿಯೂ ವಿಯೋಗಶೋಕ

ಹುಟ್ಟಿದ ಜೀವಕ್ಕೆ ಮರಣವು ನಿಶ್ಚಿತವೆಂಬುದನ್ನು ಅರಿಯದವರಿಲ್ಲ. ಆದರೆ ತನ್ನವರನ್ನು ಕಳೆದುಕೊಂಡ ದಿನ ಆ ಅರಿವು ಯಾರ ನೆರವಿಗೂ ಒಡನೆಯೇ ಬರುವುದಿಲ್ಲ. ಜೈನಾಗಮವು ಈ ಸಂಕಟವನ್ನು ಬಹು ಸೂಕ್ಷ್ಮವಾಗಿ ವಿವೇಚಿಸಿದೆ. ಶೋಕವನ್ನು ಅದು ಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಒಂದಾಗಿ ಎಣಿಸುತ್ತದೆ. ಪ್ರಿಯರ ಅಗಲಿಕೆಯನ್ನೇ ಎಡೆಬಿಡದೆ ನೆನೆದು ಕೊರಗುವುದನ್ನು ಇಷ್ಟವಿಯೋಗಜ ಆರ್ತಧ್ಯಾನವೆಂದು ಕರೆದು, ಅದು ಬಂಧಕ್ಕೆ ಕಾರಣವೆಂದು ಎಚ್ಚರಿಸುತ್ತದೆ. ಇದನ್ನು ಕೇಳಿ, ಜಿನಧರ್ಮವು ಕಣ್ಣೀರನ್ನೇ ಒಪ್ಪದ ಕಠೋರ ಧರ್ಮವೆಂದು ಭಾವಿಸುವವರುಂಟು. ಪುರಾಣಗಳನ್ನು ಓದಿದವರಲ್ಲಿ ಆ ಭಾವನೆ ಉಳಿಯಲಾರದು. ಅಲ್ಲಿ ಬಲದೇವರೂ ಅಳುತ್ತಾರೆ, ಚಕ್ರವರ್ತಿಗಳೂ ಅಳುತ್ತಾರೆ. ಕವಿಗಳು ಅವರನ್ನು ಹೀಗಳೆಯುವುದಿಲ್ಲ; ಅಳುವಿನಿಂದ ಅವರು ಎದ್ದುಬಂದ ದಾರಿಯನ್ನು ತೋರುತ್ತಾರೆ.

ಜೈನ ರಾಮಕಥೆಯ ಕೊನೆಯ ಭಾಗವು ಇದಕ್ಕೆ ಉತ್ತಮ ನಿದರ್ಶನ. ಕ್ರಿ.ಶ. 7ನೆಯ ಶತಮಾನದ ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಅದು ವಿಸ್ತಾರವಾಗಿ ಬಂದಿದೆ. ಕನ್ನಡದಲ್ಲಿ ಅಭಿನವಪಂಪ ನಾಗಚಂದ್ರನ ರಾಮಕಥೆಯೂ ಅದೇ ಪರಂಪರೆಗೆ ಸೇರಿದುದು. ರಾಮನು ಮಡಿದನೆಂಬ ಸುಳ್ಳುಸುದ್ದಿಯನ್ನು ಕೇಳಿದ ಲಕ್ಷ್ಮಣನು ಕುಳಿತಲ್ಲಿಯೇ ಪ್ರಾಣ ಬಿಡುತ್ತಾನೆ. ರಾಮನು ಅದನ್ನು ನಂಬುವುದಿಲ್ಲ. ತಮ್ಮನು ಮುನಿಸಿಕೊಂಡಿರುವನೆಂದೇ ಬಗೆದು ಆ ದೇಹಕ್ಕೆ ಸ್ನಾನ ಮಾಡಿಸುತ್ತಾನೆ, ಉಡಿಸುತ್ತಾನೆ, ತುತ್ತನ್ನು ಬಾಯ ಬಳಿಗೆ ಒಯ್ಯುತ್ತಾನೆ. ಹೀಗೆಯೇ ಆರು ತಿಂಗಳು ಹೆಣವನ್ನು ಹೊತ್ತು ತಿರುಗುತ್ತಾನೆ. ಅವನ ಸೇನಾಪತಿಯಾಗಿದ್ದ ಕೃತಾಂತವಕ್ತ್ರನೂ ಜಟಾಯುವೂ ಆಗ ದೇವರಾಗಿದ್ದಾರೆ. ಅವರಿಳಿದು ಬಂದು ಉಪದೇಶ ಮಾಡುವುದಿಲ್ಲ. ಒಣಮರಕ್ಕೆ ನೀರೆರೆಯುತ್ತಾರೆ, ಬಂಡೆಯ ಮೇಲೆ ಬೀಜ ಬಿತ್ತುತ್ತಾರೆ, ಬೆಣ್ಣೆಗಾಗಿ ನೀರನ್ನು ಕಡೆಯುತ್ತಾರೆ, ಎಣ್ಣೆಗಾಗಿ ಮರಳನ್ನು ಗಾಣಕ್ಕೆ ಹಾಕುತ್ತಾರೆ. ಇದೆಂಥ ಮರುಳುತನವೆಂದು ರಾಮನು ಕೇಳುತ್ತಾನೆ. ಕಡೆಗೆ ಹೆಣವೊಂದನ್ನು ಹೊತ್ತು ಎದುರಿಗೆ ಬಂದವನನ್ನು ಗದರಿಸಿದಾಗ, ತನ್ನ ಹೆಗಲ ಮೇಲಿರುವುದೂ ಹೆಣವೇ ಎಂಬುದು ಅವನಿಗೆ ಹೊಳೆಯುತ್ತದೆ. ಸರಯೂ ತೀರದಲ್ಲಿ ತಮ್ಮನಿಗೆ ಸಂಸ್ಕಾರ ಮಾಡಿ ಅವನು ದೀಕ್ಷೆಗೆ ಅಣಿಯಾಗುತ್ತಾನೆ. ದುಃಖಿತನ ತಪ್ಪನ್ನು ಹೊರಗಿನವರು ಎತ್ತಿ ಆಡಬಾರದು, ಅವನಾಗಿಯೇ ಕಾಣುವಂತೆ ಮಾಡಬೇಕೆಂಬ ಲೋಕಜ್ಞಾನವು ಈ ಕಥೆಯಲ್ಲಿ ಅಡಗಿದೆ.

ಕನ್ನಡದಲ್ಲಿ ಶೋಕವನ್ನು ರನ್ನನಂತೆ ಬಲ್ಲ ಕವಿಗಳು ವಿರಳ. ಅವನ ಗದಾಯುದ್ಧದ ದುರ್ಯೋಧನನು ರಣರಂಗದಲ್ಲಿ ಹೆಣಗಳ ನಡುವೆ ನಡೆದುಹೋಗುವಾಗ ಗುರು ದ್ರೋಣನಿಗಾಗಿಯೂ, ಮಗ ಲಕ್ಷಣಕುಮಾರನಿಗಾಗಿಯೂ, ತಮ್ಮ ದುಶ್ಶಾಸನನಿಗಾಗಿಯೂ, ಗೆಳೆಯ ಕರ್ಣನಿಗಾಗಿಯೂ ಹಲುಬುತ್ತಾನೆ. ಅಷ್ಟೇ ಅಲ್ಲ, ಶತ್ರುವಿನ ಮಗನಾದ ಅಭಿಮನ್ಯುವಿನ ದೇಹದ ಮುಂದೆಯೂ ನಿಂತು ಮನಸಾರೆ ಹೊಗಳುತ್ತಾನೆ. ಆದರೆ ಆ ಶೋಕವು ಅವನನ್ನು ಛಲದಿಂದ ಬಿಡಿಸಲಿಲ್ಲ.

ಅದೇ ರನ್ನನು ಕ್ರಿ.ಶ. 993ರಲ್ಲಿ ಮುಗಿಸಿದ ಅಜಿತಪುರಾಣದಲ್ಲಿ ಸಗರ ಚಕ್ರವರ್ತಿಯ ಕಥೆಯುಂಟು. ಅರುವತ್ತು ಸಾವಿರ ಮಕ್ಕಳ ತಂದೆಯವನು. ಅವನನ್ನು ಎಚ್ಚರಿಸಲು ಮಣಿಕೇತುವೆಂಬ ದೇವನು ಆ ಮಕ್ಕಳು ಸತ್ತಂತೆ ಮಾಯೆಯನ್ನೊಡ್ಡಿ, ತಾನು ಮುದಿ ಬ್ರಾಹ್ಮಣನ ವೇಷದಿಂದ ಬಂದು, ತನ್ನ ಮಗನನ್ನು ಯಮನಿಂದ ಬಿಡಿಸಿಕೊಡೆಂದು ಮೊರೆಯಿಡುವನು. ಯಮನನ್ನು ತಡೆಯುವವರು ಸಿದ್ಧರಲ್ಲದೆ ಇನ್ನಾರೂ ಇಲ್ಲವೆಂದು ಸಗರನು ಮುದುಕನಿಗೆ ಹೇಳಿದ ಸಮಾಧಾನವೇ ಮರುಕ್ಷಣ ಅವನಿಗೆ ಬೇಕಾಗುತ್ತದೆ. ಸಗರನು ರಾಜ್ಯವನ್ನು ಭಗೀರಥನಿಗೊಪ್ಪಿಸಿ ತಪಸ್ಸಿಗೆ ತೆರಳುತ್ತಾನೆ. ಪರರಿಗೆ ಹೇಳುವ ಬುದ್ಧಿಮಾತು ತನಗೂ ಸಲ್ಲುತ್ತದೆಯೇ ಎಂಬ ಪರೀಕ್ಷೆ ಎಲ್ಲರಿಗೂ ಒಂದು ದಿನ ಬರುವುದೇ ಸರಿ.

ಈ ಪುರಾಣವನ್ನು ಬರೆಯಿಸಿದ ಮಹಾತಾಯಿಗೆ ಆ ಪರೀಕ್ಷೆ ಆಗಲೇ ಬಂದುಹೋಗಿತ್ತೆಂಬುದನ್ನು ಮರೆಯಲಾಗದು. ಆಕೆಯೇ ದಾನಚಿಂತಾಮಣಿ ಅತ್ತಿಮಬ್ಬೆ. ಮಲ್ಲಪಯ್ಯನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರೂ ಚಾಲುಕ್ಯ ದಂಡನಾಯಕ ನಾಗದೇವನ ಕೈಹಿಡಿದವರು. ನಾಗದೇವನು ತೀರಿಕೊಂಡಾಗ ಗುಂಡಮಬ್ಬೆಯು ಆ ಕಾಲದ ರೂಢಿಯಂತೆ ಸಹಗಮನ ಮಾಡಿದಳು. ಅಗ್ನಿಗೆ ಬೀಳುವುದನ್ನು ಸಮಂತಭದ್ರಾಚಾರ್ಯರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದೇ ಹೇಳಿದ್ದಾರೆ. ಅತ್ತಿಮಬ್ಬೆಯು ಬದುಕಿದಳು. ಪತಿಯನ್ನೂ ಒಡಹುಟ್ಟಿದವಳನ್ನೂ ಒಮ್ಮೆಗೇ ಕಳೆದುಕೊಂಡ ಆಕೆ ಮಗ ಅಣ್ಣಿಗದೇವನನ್ನು ಬೆಳೆಸಿದಳು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿದಳು. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು. ಅಲ್ಲಿಯ ಕ್ರಿ.ಶ. 1007ರ ಶಾಸನವು ಆಕೆಯ ಕೀರ್ತಿಯನ್ನು ಸಾರುತ್ತಿದೆ. ಒಂದೊಂದು ಓಲೆಯನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಆ ಕಾಲದಲ್ಲಿ ಸಾವಿರ ಪ್ರತಿಗಳ ವೆಚ್ಚವೆಷ್ಟೆಂಬುದನ್ನು ಲೆಕ್ಕ ಬಲ್ಲವರು ಊಹಿಸಬಹುದು. ಒಂದೇ ಮನೆಗೆ ಬಂದ ಒಂದೇ ದುಃಖಕ್ಕೆ ಇಬ್ಬರು ಸೋದರಿಯರು ಕಂಡುಕೊಂಡ ದಾರಿಗಳು ಇವು. ಸಾವಿರ ವರ್ಷಗಳ ಬಳಿಕವೂ ಕನ್ನಡಿಗರಿಗೆ ಬೆಳಕಾಗಿರುವುದು ಬದುಕಿ ನೀಡಿದವಳ ದಾರಿ.

ಹೊಯ್ಸಳರ ಕಾಲದಲ್ಲಿಯೂ ಇದೇ ಮನೋಧರ್ಮವು ಕಂಡುಬರುತ್ತದೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1120ರ ಆಸುಪಾಸಿನಲ್ಲಿ ತಾಯಿ ಪೋಚಿಕಬ್ಬೆಯನ್ನೂ ಪತ್ನಿ ಲಕ್ಷ್ಮೀಮತಿಯನ್ನೂ ಕಳೆದುಕೊಂಡು, ಶ್ರವಣಬೆಳಗೊಳದಲ್ಲಿ ಅವರಿಗೆ ನಿಷಿಧಿಗಳನ್ನು ನಿಲ್ಲಿಸಿದನು. ಮುಂದೆ ಗಂಗರಾಜನು ಗತಿಸಿದಾಗ ಮಗ ಬೊಪ್ಪನು ತಂದೆಯ ಸ್ಮರಣೆಗಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. 1133ರಲ್ಲಿ ಅದರ ಪ್ರತಿಷ್ಠೆಯಾಯಿತು. ಪ್ರತಿಷ್ಠೆಯ ಶೇಷೆಯನ್ನು ಬಂಕಾಪುರದಲ್ಲಿದ್ದ ಅರಸನಿಗೆ ಒಯ್ದಾಗ, ಯುದ್ಧದಲ್ಲಿ ಜಯವೂ ಪುತ್ರೋತ್ಸವವೂ ಕೂಡಿಬಂದಿದ್ದ ಸಂತೋಷದಲ್ಲಿ ಅವನು ಆ ಸ್ವಾಮಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಮಗನೊಬ್ಬನ ಪಿತೃಶೋಕದಿಂದ ಎದ್ದ ಗುಡಿ ನಾಡಿಗೇ ಮಂಗಳದ ನೆಲೆಯಾಯಿತು. ಹಳೇಬೀಡಿನಲ್ಲಿ ಇಂದಿಗೂ ಅದು ನಿಂತಿದೆ.

ಪಂಚಕಲ್ಯಾಣದ ದೀಕ್ಷಾಕಲ್ಯಾಣದಂದು ನೀಲಾಂಜನೆಯ ನೃತ್ಯವನ್ನು ಅಭಿನಯಿಸುವುದು ಸಂಪ್ರದಾಯ. ಕುಣಿಯುತ್ತಿರುವಾಗಲೇ ಆಯುಷ್ಯ ತೀರಿ ಅವಳು ಮರೆಯಾಗುತ್ತಾಳೆ. ಇಂದ್ರನು ಅವಳಂತೆಯೇ ಇರುವ ಇನ್ನೊಬ್ಬಳನ್ನು ಒಡನೆಯೇ ತಂದು ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ, ವೃಷಭಸ್ವಾಮಿಗೆ ತಿಳಿಯುತ್ತದೆ. ಕ್ರಿ.ಶ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಈ ಸನ್ನಿವೇಶವನ್ನು ಅಮರಗೊಳಿಸಿದ್ದಾನೆ. ಅಗಲಿದವರ ಸ್ಥಾನವನ್ನು ಮತ್ತೊಂದರಿಂದ ತುಂಬಿ ಮರೆಯುವುದಲ್ಲ, ಅಗಲಿಕೆಯನ್ನು ಕಣ್ಣೆತ್ತಿ ಕಾಣುವುದೇ ಧರ್ಮದ ಮೊದಲ ಹೆಜ್ಜೆಯೆಂದು ಅದು ಬೋಧಿಸುತ್ತದೆ. ತಂದೆತಾಯಿಯರ, ಪತಿಪತ್ನಿಯರ, ಅಕಾಲದಲ್ಲಿ ಅಗಲಿದ ಮಕ್ಕಳ ಹೆಸರಿನಲ್ಲಿ ಬಸದಿಗೆ ಸಲ್ಲುವ ಒಂದು ದೀಪ, ಒಂದು ಶಾಸ್ತ್ರಗ್ರಂಥ, ಒಂದು ದಿನದ ಆಹಾರದಾನ, ಇವೆಲ್ಲವೂ ಅತ್ತಿಮಬ್ಬೆಯೂ ಬೊಪ್ಪನೂ ನಡೆದ ಹಾದಿಯವೇ. ಕಣ್ಣೀರು ಮೋಹದ್ದಾದರೂ, ಅದನ್ನು ದಾನವನ್ನಾಗಿ ಮಾರ್ಪಡಿಸುವುದು ಶ್ರಾವಕರ ಕೈಯಲ್ಲಿದೆ.