ವಿಷಗಾಳಿಗೆ ಎದೆಯೊಡ್ಡಿದ ಯೋಧರಿಗೆ ನಮನ

ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 26ರಂದು ಬೆಲ್ಜಿಯಂನ ಈಪ್ರ ಬಳಿ ಲಾಹೋರ್ ಡಿವಿಷನ್ನಿನ ಭಾರತೀಯ ಸೈನಿಕರ ಮೇಲೆ ಜರ್ಮನ್ ಪಡೆ ಕ್ಲೋರಿನ್ ಅನಿಲ ಬಿಟ್ಟಿತು. ಮುಖವಾಡಗಳಿರಲಿಲ್ಲ, ಬಾಯಿ ಮೂಗಿಗೆ ಒತ್ತಿಕೊಂಡ ಒದ್ದೆ ಬಟ್ಟೆಯೇ ಗತಿ. ಜಮಾದಾರ್ ಮೀರ್ ದಸ್ತ್ ಗುಂಡಿನ ಮಳೆಯಲ್ಲೇ ಎಂಟು ಅಧಿಕಾರಿಗಳನ್ನು ಹೊತ್ತು ಸಾಗಿಸಲು ನೆರವಾಗಿ ವಿಕ್ಟೋರಿಯಾ ಕ್ರಾಸ್ ಪಡೆದರು. ಅನಿಲದ ಬಾಧೆ ಅವರನ್ನು ಮುಂದೆಯೂ ಕಾಡಿತು.

1917ರಲ್ಲಿ ಬಂದ ಸಾಸಿವೆ ಅನಿಲ ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತಿತ್ತು, ಬಿಳಿ ರಕ್ತಕಣಗಳನ್ನೂ ನಾಶಮಾಡುತ್ತಿತ್ತು. ಈ ಗುಣವನ್ನೇ ಬಳಸಿಕೊಂಡು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು ಅದರ ರಾಸಾಯನಿಕ ಸಂಬಂಧಿಯಾದ ನೈಟ್ರೋಜನ್ ಮಸ್ಟರ್ಡನ್ನು ಕ್ಯಾನ್ಸರ್ ರೋಗಿಗೆ ಕೊಟ್ಟರು. ಇಂದಿನ ಸೈಕ್ಲೋಫಾಸ್ಫಮೈಡ್ ಅದೇ ವಂಶದ ಔಷಧ. ಖಾರಘರದಲ್ಲಿ ಟಾಟಾ ಸ್ಮಾರಕ ಕೇಂದ್ರದ ಆ್ಯಕ್ಟ್ರೆಕ್ ಸಂಸ್ಥೆ ನಡೆಸುತ್ತಿರುವ ಕ್ಯಾನ್ಸರ್ ಚಿಕಿತ್ಸೆ, ಸಂಶೋಧನೆಯ ಹಿಂದೆ ಸಾಸಿವೆ ಅನಿಲಕ್ಕೆ ತುತ್ತಾದ ಯೋಧರ ನೋವೂ ಇದೆ.

ಭಾರತ 2009ರಲ್ಲಿ ತನ್ನ ರಾಸಾಯನಿಕ ಅಸ್ತ್ರಗಳ ನಾಶವನ್ನು ಪೂರ್ಣಗೊಳಿಸಿತು. ನೊಂದ ಯೋಧರಿಗೆ ಸಲ್ಲಬೇಕಾದ ಗೌರವ ಇದೇ.