ಜೆ.ಸಿ. ರಸ್ತೆಯ ರಿಂಗಿನಿಂದ ಅಂಗೈಯ ಆ್ಯಪ್‌ವರೆಗೆ

ಬೆಂಗಳೂರಿಗೆ ತನ್ನದೇ ಒಂದು ಷೇರುಪೇಟೆ ಇತ್ತು. 1963ರಲ್ಲಿ ಸರ್ಕಾರದ ಮಾನ್ಯತೆ ಪಡೆದ ಬೆಂಗಳೂರು ಸ್ಟಾಕ್ ಎಕ್ಸ್‌ಚೇಂಜ್ 2014ರಲ್ಲಿ ಕದ ಮುಚ್ಚಿತು. ಜೆ.ಸಿ. ರಸ್ತೆಯ ಆಸುಪಾಸಿನ ಬ್ರೋಕರ್ ಕಚೇರಿಯೊಂದರಲ್ಲಿ ನಾನು ಗುಮಾಸ್ತೆಯಾಗಿದ್ದೆ. ಹೊಸದಾಗಿ ಷೇರಿಗಿಳಿಯುವ ಮಕ್ಕಳು ಈಗ ನನ್ನನ್ನು ಕೇಳುವುದು ಒಂದೇ: ಯಾವ ಆ್ಯಪ್ ಒಳ್ಳೆಯದು?

ನಮ್ಮ ಕಾಲದಲ್ಲಿ ಬ್ರೋಕರ್ ಸಿಗಬೇಕಾದರೆ ಆಡಿಟರೋ ಬ್ಯಾಂಕಿನವರೋ ಪರಿಚಯ ಮಾಡಿಸಬೇಕಿತ್ತು. ಗಿರಾಕಿ ಫೋನಿನಲ್ಲಿ ಆರ್ಡರ್ ಹೇಳಿದರೆ ನಮ್ಮವರು ಷೇರುಪೇಟೆಯ ವಹಿವಾಟಿನ ಅಂಗಳವಾದ ರಿಂಗಿನಲ್ಲಿ ಕೂಗಿ ಕೊಳ್ಳುತ್ತಿದ್ದರು. ಎಷ್ಟಕ್ಕೆ ಕೊಂಡರು ಎಂಬುದಕ್ಕೆ ಅವರ ಮಾತೇ ಪ್ರಮಾಣ. ಅದರ ಮೇಲೆ ಶೇ. 2.5ರವರೆಗೂ ಬ್ರೋಕರೇಜ್ ಹಾಕಲು ನಿಯಮವೇ ಅವಕಾಶ ಕೊಟ್ಟಿತ್ತು.

ನನ್ನ ಪಾಲಿಗೆ ಬಂದದ್ದು ಕಾಗದದ ಕೆಲಸ. ಪ್ರತಿ ಷೇರುಪತ್ರಕ್ಕೂ ಟ್ರಾನ್ಸ್‌ಫರ್ ಡೀಡ್ ಲಗತ್ತಿಸಿ, ಸ್ಟಾಂಪು ಅಂಟಿಸಿ, ಕಂಪನಿಗೆ ಕಳಿಸಬೇಕು. ಮಾರಿದವರ ಸಹಿ ಅಲ್ಲಿನ ಮಾದರಿಗೆ ಹೊಂದದಿದ್ದರೆ ‘ಬ್ಯಾಡ್ ಡೆಲಿವರಿ’ ಎಂದು ಕಟ್ಟು ವಾಪಸ್ಸು. ವಯಸ್ಸಾಗಿ ಕೈ ನಡುಗುವವರು ಷೇರು ಮಾರಿದರೆ ನಮಗೆ ತಿಂಗಳುಗಟ್ಟಲೆ ತಲೆನೋವು. ಪತ್ರ ಅಂಚೆಯಲ್ಲಿ ಕಳೆದರಂತೂ ಡೂಪ್ಲಿಕೇಟಿಗಾಗಿ ಪೊಲೀಸ್ ದೂರು, ಅಫಿಡವಿಟ್ಟು.

1992ರ ಹರ್ಷದ್ ಮೆಹ್ತಾ ಹಗರಣ ಪೇಟೆಯನ್ನು ಅಲ್ಲಾಡಿಸಿತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಗೆ ಶಾಸನಬದ್ಧ ಅಧಿಕಾರ ಬಂದದ್ದೂ ಅದೇ ವರ್ಷ. 1994ರ ನವೆಂಬರಿನಲ್ಲಿ ಮುಂಬೈಯ ರಾಷ್ಟ್ರೀಯ ಷೇರುಪೇಟೆಯಾದ ಎನ್‌ಎಸ್‌ಇ ಕಂಪ್ಯೂಟರ್ ಪರದೆಯ ಮೇಲೆ ಷೇರು ವಹಿವಾಟು ಶುರುಮಾಡಿತು. ಉಪಗ್ರಹದ ಮೂಲಕ ಮುಂಬೈಯ ಬೆಲೆ ಬೆಂಗಳೂರಿನಲ್ಲೇ ಕಾಣತೊಡಗಿದ ಮೇಲೆ ನಮ್ಮ ರಿಂಗಿನಲ್ಲಿ ಕೂಗುವವರಿಗೆ ಏನು ಕೆಲಸ? 1996ರ ಡಿಪಾಸಿಟರಿ ಕಾಯ್ದೆ ಬಂದು, ಷೇರುಗಳು ಕಾಗದ ಬಿಟ್ಟು ಡಿಮ್ಯಾಟ್ ಎಂಬ ವಿದ್ಯುನ್ಮಾನ ಖಾತೆ ಸೇರಿದವು. ನನ್ನ ಅಂಟಿನ ಡಬ್ಬಿಯೂ ಮೂಲೆ ಸೇರಿತು.

2000ದಲ್ಲಿ ಸೆಬಿ ಇಂಟರ್ನೆಟ್ ವಹಿವಾಟಿಗೆ ಒಪ್ಪಿಗೆ ಕೊಟ್ಟಿತು. 2010ರ ಆಗಸ್ಟ್ 15ರಂದು ಕಾಮತ್ ಸಹೋದರರು ಇದೇ ಬೆಂಗಳೂರಿನಲ್ಲಿ ಜೆರೋಧಾ ಎಂಬ ಬ್ರೋಕರ್ ಕಂಪನಿ ಆರಂಭಿಸಿದರು. ವಹಿವಾಟು ಎಷ್ಟೇ ದೊಡ್ಡದಿರಲಿ, ಆರ್ಡರಿಗೆ ಇಪ್ಪತ್ತೇ ರೂಪಾಯಿ. 2015ರ ಕೊನೆಗೆ ಕೊಂಡು ಇಟ್ಟುಕೊಳ್ಳುವ ಷೇರುಗಳಿಗೆ ಅದನ್ನೂ ಬಿಟ್ಟರು. ಸ್ವಂತ ಷೇರುಪೇಟೆ ಕಳೆದುಕೊಂಡ ಊರು ಗ್ರೋ ಕಂಪನಿಯೂ ಸೇರಿ ದೇಶದ ದೊಡ್ಡ ಆನ್‌ಲೈನ್ ಬ್ರೋಕರ್‌ಗಳ ತವರಾಯಿತು.

ಹಾಗೆಂದು ಹಳೆಯ ರೋಗಗಳೆಲ್ಲ ವಾಸಿಯಾಗಲಿಲ್ಲ. ಗಿರಾಕಿಗಳು ಬರೆದುಕೊಟ್ಟಿದ್ದ ಪವರ್ ಆಫ್ ಅಟಾರ್ನಿ ಬಳಸಿ ಅವರ ಷೇರುಗಳನ್ನೇ ದುರುಪಯೋಗ ಮಾಡಿದ್ದಕ್ಕೆ 2019ರ ನವೆಂಬರಿನಲ್ಲಿ ಸೆಬಿ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ಕ್ರಮ ಕೈಗೊಂಡಿತು. ಷೇರು ಅಡವಿಡಬೇಕಾದರೆ ಮಾಲೀಕರೇ ಒಟಿಪಿ ಕೊಟ್ಟು ಒಪ್ಪಬೇಕೆಂಬ ವ್ಯವಸ್ಥೆ ಮರುವರ್ಷ ಬಂತು. ‘ಇದೆಂಥ ಕಿರಿಕಿರಿ’ ಎಂದು ಗೊಣಗುವವರಿಗೆ ಇಷ್ಟು ಗೊತ್ತಿರಲಿ.

ಕಚೇರಿಯ ಒಳಗಿದ್ದವಳಾಗಿ ಇನ್ನೊಂದು ಮಾತು. ಪೇಟೆ ಏರಿದರೂ ಇಳಿದರೂ ನಮ್ಮ ಗಲ್ಲಾ ತುಂಬುತ್ತಿತ್ತು. ವಹಿವಾಟು ನಿಂತಾಗ ಮಾತ್ರ ಯಜಮಾನರ ಮುಖ ಬಾಡುತ್ತಿತ್ತು. ಆ್ಯಪ್‌ನವರ ಲೆಕ್ಕವೂ ಬಹುಮಟ್ಟಿಗೆ ಅದೇ: ನೀವು ಎಷ್ಟು ಸಲ ಕೊಂಡು ಮಾರುತ್ತೀರೋ ಅಷ್ಟು ಅವರಿಗೆ ಆದಾಯ. ಮುಂದಿನ ಬೆಲೆಯ ಮೇಲಿನ ಒಪ್ಪಂದಗಳಾದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಆಡಿದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ. 93ರಷ್ಟು ಮಂದಿ 2021-22ರಿಂದ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದರೆಂದು ಸೆಬಿಯ ಅಧ್ಯಯನವೇ 2024ರಲ್ಲಿ ಹೇಳಿತು.

ಆದ್ದರಿಂದ ಆ್ಯಪಿನ ಅಂದಕ್ಕೆ ಮರುಳಾಗಬೇಡಿ. ಸೆಬಿ ನೋಂದಣಿ ಇದೆಯೇ, ಡಿಮ್ಯಾಟ್‌ನ ವಾರ್ಷಿಕ ಶುಲ್ಕ ಎಷ್ಟು, ಷೇರು ಮಾರಿದಾಗ ಏನೇನು ಕಡಿತವಾಗುತ್ತದೆ ಎಂದು ಮೊದಲು ನೋಡಿ. ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಎಂಬ, ಷೇರುಗಳ ಲೆಕ್ಕ ಇಡುವ ಡಿಪಾಸಿಟರಿ ನೇರವಾಗಿ ಕಳಿಸುವ ಸ್ಟೇಟ್‌ಮೆಂಟನ್ನು ಆ್ಯಪ್ ತೋರಿಸುವ ಲೆಕ್ಕದೊಂದಿಗೆ ತಾಳೆ ಹಾಕಿ. ತಾಳೆಯಾಗದಿದ್ದರೆ ಬ್ರೋಕರ್‌ಗೆ ಬರೆದು ಕೇಳಿ. ಉತ್ತರ ಸರಿಯಿಲ್ಲದಿದ್ದರೆ ಸೆಬಿಯ ದೂರು ಪೋರ್ಟಲ್ ಆದ ಸ್ಕೋರ್ಸ್‌ನಲ್ಲಿ ದೂರು ಕೊಡಿ.