ಸೇರಿನಲ್ಲಿ ನಿಂತ ಬ್ಯಾಟರಿ

ನಡುರಾತ್ರಿ ಹಸು ಈಯುವಾಗ ಎರಡು ಕೈಯೂ ಬೇಕು. ಬ್ಯಾಟರಿ ಹಿಡಿಯೋರು ಯಾರು? ಹುಲ್ಲಿನ ಪಕ್ಕ ಲಾಂದ್ರ ಇಟ್ಟರೆ ಬೆಂಕಿಯ ಭಯ.

ಈ ಕೈದೀಪಕ್ಕೆ ಅಮೆರಿಕದಲ್ಲಿ ಡೇವಿಡ್ ಮಿಸೆಲ್ ಎಂಬವರಿಗೆ ಪೇಟೆಂಟು ಸಿಕ್ಕಿದ್ದು 1899ರಲ್ಲಿ. ಆಗಿನ ಸೆಲ್ಲುಗಳಿಗೆ ಕಸುವು ಸಾಲದು. ಮಿಣಕ್ಕನೆ ಹೊತ್ತಿಸಿ ಆರಿಸಬೇಕಿತ್ತು. ಇಂಗ್ಲಿಷಿನಲ್ಲಿ ‘ಫ್ಲ್ಯಾಶ್ ಲೈಟ್’ ಎಂದು ಹೆಸರಾದದ್ದೂ ಅದಕ್ಕೇ. 1910ರ ಸುಮಾರಿಗೆ ಟಂಗ್‌ಸ್ಟನ್ ತಂತಿಯ ಬಲ್ಬು ಬಂದಮೇಲೆ ಒಂದೇ ಸಮನೆ ಉರಿಯತೊಡಗಿತು. ಆದರೂ ಅದು ಒಂದೇ ಕಡೆ ನೋಡುವ ಬೆಳಕು. ಲಾಂದ್ರದ ಹಾಗೆ ಸುತ್ತ ಹರಡದು.

ಸೇರಿಗೆ ರಾಗಿ ತುಂಬಿ, ಬ್ಯಾಟರಿಯ ಬುಡ ನಾಲ್ಕು ಬೆರಳು ಹೂಳಿ, ಮೋರೆ ಮೇಲಕ್ಕೆ ಮಾಡಿ ನಿಲ್ಲಿಸಿ. ಬೆಳಕು ಮಾಡಿಗೆ ತಾಕಿ ಕೊಟ್ಟಿಗೆಯೆಲ್ಲ ಹರಡುತ್ತೆ. ಹೆಂಚು ಹೊಗೆಗೆ ಕಪ್ಪಾಗಿದ್ದರೆ ಮೇಲೊಂದು ಬಿಳಿ ಪಂಚೆ ಕಟ್ಟಿ. ಹಸು ಒದೆಯದಷ್ಟು ದೂರ ಇಡಿ. ರಾಗಿ ಚೆಲ್ಲಿದರೆ ಅಜ್ಜಿ ಸುಮ್ಮನಿರೋಲ್ಲ!